ಕಾನೂನು ಸಂಶೋಧನೆಯ ಸ್ನಾತಕೋತ್ತರ ವ್ಯಾಸಂಗ: ಅಧಿಕಾರಿ ಯಾರು, ಗುರು ಯಾರು?

ಈ ಸ್ಮರಣ ಸಂಪುಟಕ್ಕೆ ಲೇಖನವೊಂದನ್ನು ಒದಗಿಸಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಈ ಪಂಡಿತನು ಷಟ್ಪದಿಯ ಗಣವಿಭಾಗವನ್ನೋ ಶಾಸನಗಳ ಕನ್ನಡವನ್ನೋ ಕುರಿತು ನಾಲ್ಕು ಪುಟ ಬರೆದುಕೊಟ್ಟಾನೆಂದು ಅವರು ನಿರೀಕ್ಷಿಸಿದ್ದಿರಬೇಕು. ಮೇಲಿನ ತಲೆಬರಹವನ್ನು ಕಂಡು ಅವರಿಗೂ ವಾಚಕ ಮಹಾಶಯರಿಗೂ ಸೋಜಿಗವಾಗುವುದು ಸಹಜ. ಪಾಠಶಾಲೆಯಲ್ಲಿ ವಿದ್ವತ್ ಓದಿ, ಮೂವತ್ತು ವರ್ಷ ಮಕ್ಕಳಿಗೆ ವಿಭಕ್ತಿ, ಸಮಾಸಗಳನ್ನು ಹೇಳಿಕೊಟ್ಟವನಿಗೆ ಕಾನೂನಿನ ಗೊಡವೆ ಏಕೆ? ಕರಿಕೋಟು ತೊಟ್ಟವರ ವಿಷಯದಲ್ಲಿ ರುಮಾಲಿನವನು ಮಾತಾಡುವುದು ಅಧಿಕಪ್ರಸಂಗವಲ್ಲವೆ?

ಆಗಿರಬಹುದು. ಆದರೂ ಬರೆಯುವುದಕ್ಕೆ ಎರಡು ಕಾರಣಗಳಿವೆ. ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘವು ದಾನಿಗಳ ನೆರವಿನಿಂದ ನಡೆಸುತ್ತಿರುವ ವಿದ್ಯಾರ್ಥಿವೇತನ ನಿಧಿಯು ಉಚ್ಚ ವ್ಯಾಸಂಗಕ್ಕೆ ಹಣ ಕೊಡುವಾಗ ಸಂಸ್ಥೆಯ ಹೆಸರನ್ನೂ ಪ್ರವೇಶ ಪರೀಕ್ಷೆಯ ಶ್ರೇಣಿಯನ್ನೂ ಮಾತ್ರ ನೋಡುತ್ತದೆ. ಈ ಪದ್ಧತಿಯಿಂದ ನಮ್ಮದೇ ಶಾಲೆಯ ಒಬ್ಬ ಹೆಣ್ಣುಮಗಳಿಗೆ ಕಳೆದ ವರ್ಷ ನೆರವು ತಪ್ಪಿತು. ಇದು ಒಂದು. ಎರಡನೆಯದು, ಅದಕ್ಕೂ ಹತ್ತು ವರ್ಷ ಹಿಂದೆ ನಾನೇ ಒಬ್ಬ ಹುಡುಗನಿಗೆ ಕೊಟ್ಟ ತಪ್ಪು ಸಲಹೆ. ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ.

ಆ ಹುಡುಗನು ಕನ್ನಡ ಮಾಧ್ಯಮದಲ್ಲಿಯೇ ಓದಿ ಎಲ್‌ಎಲ್.ಬಿ. ಮುಗಿಸಿದವನು, ಚುರುಕು ಬುದ್ಧಿಯವನು. ಗ್ರಾಮದ ಕೆರೆಗಳ ಮೇಲೆ ಯಾರ ಹಕ್ಕು ಎಷ್ಟು ಎಂಬ ಪ್ರಶ್ನೆಯೊಂದು ಅವನ ತಲೆಯನ್ನು ಹೊಕ್ಕಿತ್ತು. ಎಲ್‌ಎಲ್.ಎಂ. ಎಲ್ಲಿ ಮಾಡಲೆಂದು ಕೇಳಲು ಬಂದ. "ದೊಡ್ಡ ಹೆಸರಿರುವ ಕಡೆ ಸೇರಪ್ಪಾ, ಉಳಿದದ್ದು ತಾನಾಗಿ ಬರುತ್ತದೆ" ಎಂದು ಹೇಳಿ ಕಳಿಸಿದೆ. ಹೋದ. ಅಲ್ಲಿ ವರ್ಷದೊಳಗೆ ಮಾರ್ಗದರ್ಶಕರು ಮೂರು ಬಾರಿ ಬದಲಾದರು. ಕಡೆಯವರು ಪಟ್ಟಿಯೊಂದನ್ನು ಮುಂದಿಟ್ಟು ಅದರಲ್ಲಿ ಒಂದು ವಿಷಯ ಆರಿಸಿಕೊಳ್ಳೆಂದರು. ಕೆರೆ ಆ ಪಟ್ಟಿಯಲ್ಲಿರಲಿಲ್ಲ. ಯಾವುದೋ ವಾಣಿಜ್ಯ ಕಾಯಿದೆಯ ಮೇಲೆ ನೂರು ಪುಟ ಬರೆದು ಉತ್ತೀರ್ಣನಾಗಿ ಊರಿಗೆ ಬಂದು, ನನ್ನೆದುರು ಕುಳಿತು, "ಪದವಿ ಬಂತು, ಪ್ರಶ್ನೆ ಹೋತು ಗುರುಗಳ" ಎಂದ. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಶಾಸ್ತ್ರಗ್ರಂಥವನ್ನು ಓದಲು ತೊಡಗುವ ಮೊದಲು ಅನುಬಂಧ ಚತುಷ್ಟಯವನ್ನು ವಿಚಾರಿಸಬೇಕೆಂದು ನಮ್ಮ ಪೂರ್ವಿಕರು ವಿಧಿಸಿದ್ದಾರೆ. ಗ್ರಂಥದ ವಿಷಯವೇನು, ಅದರಿಂದ ಪ್ರಯೋಜನವೇನು, ಇವೆರಡರ ಸಂಬಂಧವೆಂಥದು, ಅದನ್ನು ಓದಲು ಅಧಿಕಾರಿ ಯಾರು ಎಂಬ ನಾಲ್ಕು ಪ್ರಶ್ನೆಗಳವು. ಇದನ್ನು ನಾನು ಹುಡುಗರಿಗೆ ಪ್ರತಿವರ್ಷ ಬಾಯಿಪಾಠ ಮಾಡಿಸುತ್ತಿದ್ದೆ. ಆದರೆ ಆ ಹುಡುಗ ನನ್ನ ಮನೆಯ ಜಗಲಿಗೆ ಬಂದ ದಿನ ನಾಲ್ಕರಲ್ಲಿ ಒಂದನ್ನೂ ಕೇಳಲಿಲ್ಲ. ಕಲಿಸುವ ವಿದ್ಯೆ ಬೇರೆ, ಬಳಸುವ ವಿದ್ಯೆ ಬೇರೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಎಲ್‌ಎಲ್.ಎಂ. ಪದವಿಯ ಪ್ರಯೋಜನದ ಬಗೆಗೆ ನಮ್ಮ ಜನರಲ್ಲಿ ತಪ್ಪು ಕಲ್ಪನೆ ಬಹಳ. ನ್ಯಾಯಾಲಯದಲ್ಲಿ ವಕಾಲತ್ತು ಮಾಡುವುದಕ್ಕೆ ಅದು ಬೇಕಾಗಿಲ್ಲ, ಎಲ್‌ಎಲ್.ಬಿ. ಮತ್ತು ವಕೀಲರ ಪರಿಷತ್ತಿನ ಸನ್ನದು ಸಾಕು. ಕಾನೂನು ಕಾಲೇಜಿನಲ್ಲಿ ಉಪಾಧ್ಯಾಯನಾಗಬೇಕಾದವನಿಗೆ ಅದು ಬೇಕು. ಶೇಕಡಾ 55 ಅಂಕಗಳೊಡನೆ ಸ್ನಾತಕೋತ್ತರ ಪದವಿಯೂ, ನೆಟ್ ಪರೀಕ್ಷೆಯಲ್ಲಿ ಉತ್ತೀರ್ಣತೆಯೂ ಅಲ್ಲಿಯ ಸಾಮಾನ್ಯ ನಿಯಮ. ಇವೆರಡಕ್ಕೂ ಹೊರತಾದ ಮೂರನೆಯ ವರ್ಗದವರಿದ್ದಾರೆ: ಕಾನೂನು ಹೀಗೇಕಿದೆ, ಜನರ ಬಾಳಿನಲ್ಲಿ ಅದು ಹೇಗೆ ನಡೆದಿದೆ ಎಂದು ಅರಸುವವರು. ಈ ಲೇಖನ ಅವರನ್ನು ಕುರಿತದ್ದು. ಇಂಥವರ ಸಂಖ್ಯೆ ಸ್ವಲ್ಪವೇ. ದಾನಿಗಳ ಕಣ್ಣಿಗೆ ಬೀಳದಿರುವುದು ಅದರಿಂದಲೇ ಇರಬಹುದು.

ಸಂಶೋಧನೆಯಿಂದ ಆಗುವುದೇನು ಎಂದು ನಿಧಿಯ ಸಭೆಯಲ್ಲಿ ಮಹನೀಯರೊಬ್ಬರು ಕೇಳಿದ್ದರು. ಅಂದು ತಡವರಿಸಿದೆನು, ಇಲ್ಲಿ ಉತ್ತರಿಸುತ್ತೇನೆ. ಜರ್ಮನಿಯ ಹೈಡೆಲ್‌ಬರ್ಗಿನ ಡೀಟ್ರಿಚ್ ಕಾನ್‌ರಾಡ್ ಎಂಬ ಕಾನೂನು ವಿದ್ವಾಂಸರು 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಒಂದು ಉಪನ್ಯಾಸ ಕೊಟ್ಟರು. ಸಂವಿಧಾನವನ್ನು ತಿದ್ದುವ ಅಧಿಕಾರಕ್ಕೆ, ಹೊರಗೆ ಬರೆದಿಲ್ಲದಿದ್ದರೂ ಒಳಗೇ ಅಡಗಿರುವ ಮೇರೆಗಳುಂಟೆ ಎಂಬುದು ಅದರ ವಿಷಯ. ಅದನ್ನು ಕೇಳಿದವರು ಎಷ್ಟು ಮಂದಿಯೋ! ಆದರೆ ಹಿರಿಯ ವಕೀಲರಾದ ಎಂ.ಕೆ. ನಂಬಿಯಾರರು ಆ ವಿಚಾರವನ್ನು ಗೋಲಕನಾಥ ಮೊಕದ್ದಮೆಯಲ್ಲಿ ಎತ್ತಿದರು. 1967ರಲ್ಲಿ ಅದರ ತೀರ್ಪು ಬಂದಿತು. ಮುಂದೆ ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣಾ ಕಾನೂನಿನ ಸಂಬಂಧವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ ಹದಿಮೂರು ಮಂದಿ ನ್ಯಾಯಮೂರ್ತಿಗಳು 68 ದಿನ ವಾದವನ್ನು ಆಲಿಸಿ, 1973ರ ಏಪ್ರಿಲ್ 24ರಂದು, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸಲಾಗದೆಂದು ಏಳು ಆರರ ಬಹುಮತದಿಂದ ತೀರ್ಮಾನಿಸಿದರು. ಕಾನ್‌ರಾಡರ ಮಾತು ಆ ತೀರ್ಪಿನೊಳಗೆ ಉಲ್ಲೇಖಗೊಂಡಿದೆ. ಕನ್ನಡನಾಡಿನ ಅಂಚಿನಲ್ಲಿರುವ ಮಠವೊಂದರ ಜಮೀನಿನ ಪ್ರಶ್ನೆಯೂ ಪರದೇಶದ ವಿದ್ವಾಂಸನೊಬ್ಬನ ಗ್ರಂಥಾಲಯದ ಕೆಲಸವೂ ಹೀಗೆ ಒಂದೆಡೆ ಸೇರಿ ದೇಶದ ರಾಜ್ಯಾಂಗವನ್ನು ಕಾದುವು. ಪ್ರಯೋಜನ ಕೇಳಿದ ಮಹನೀಯರಿಗೆ ಇದಕ್ಕಿಂತ ಹೆಚ್ಚಿನದನ್ನು ನಾನು ತೋರಿಸಲಾರೆ.

ನಮ್ಮ ನೆಲದಲ್ಲಿ ಈ ವಿದ್ಯೆ ಹೊಸತೂ ಅಲ್ಲ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಬಂಗಾಳವನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿಯನ್ನು ಆಳಿತು. 1810ರಲ್ಲಿ ಕೋಲ್‌ಬ್ರೂಕನು ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಆಂಗ್ಲ ನ್ಯಾಯಾಧೀಶರೂ ಅದನ್ನೇ ಓದಿ ತೀರ್ಪಿತ್ತರು. ಮೀಮಾಂಸಾಶಾಸ್ತ್ರದ ವ್ಯಾಖ್ಯಾನ ನಿಯಮಗಳನ್ನು ಹಿಂದೂ ನ್ಯಾಯಕ್ಕೆ ಅನ್ವಯಿಸಿ ಕಿಶೋರಿಲಾಲ್ ಸರ್ಕಾರರು 1905ರ ಟಾಗೋರ್ ಕಾನೂನು ಉಪನ್ಯಾಸಗಳನ್ನು ಕೊಟ್ಟರು. ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂದು ಅಧಿಕರಣ ರಚಿಸುವ ನಮ್ಮ ಕ್ರಮವನ್ನು ಬಲ್ಲವನಿಗೆ ಉಚ್ಚ ನ್ಯಾಯಾಲಯದ ತೀರ್ಪಿನ ಕಟ್ಟಡ ಅಪರಿಚಿತವಲ್ಲ. ಇಂಗ್ಲಿಷಿನ ಪೊದೆಯನ್ನು ಸರಿಸಿದರೆ ಒಳಗೆ ಅದೇ ದಾರಿ. ಇರಲಿ, ಇದು ನನ್ನ ಮೋಹದ ವಿಷಯ, ಹೆಚ್ಚು ಬೆಳೆಸುವುದಿಲ್ಲ.

ಇನ್ನು ಆ ಹೆಣ್ಣುಮಗಳ ಸಂಗತಿ. ಅವಳ ಅಜ್ಜನ ಕಾಲದಲ್ಲಿ ಮನೆಯವರು ಇನ್ನೊಬ್ಬರ ಹೊಲವನ್ನು ಮಾಡುತ್ತಿದ್ದರು. 1961ರ ಭೂಸುಧಾರಣಾ ಕಾಯಿದೆಗೆ ಆದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿಯ ಜಮೀನುಗಳು ಸರ್ಕಾರಕ್ಕೆ ಸೇರಿದುವು. ಉಳುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕನ್ನು ಪಡೆಯಬೇಕಾಯಿತು. ಅರ್ಜಿಯ ಕಡೆಯ ಅವಧಿ 1979ರ ಜೂನ್ 30ರವರೆಗೂ ಬೆಳೆಯಿತು. ಆ ಮನೆಯಲ್ಲಿ ಹೊಲಕ್ಕೆ ಹೋಗುತ್ತಿದ್ದವರು ಅಜ್ಜ, ಅವನ ತಮ್ಮಂದಿರು, ಗಂಡ ಸತ್ತು ತವರಿಗೆ ಬಂದಿದ್ದ ಒಬ್ಬ ಅಕ್ಕ. ಅರ್ಜಿಯಲ್ಲಿದ್ದುದು ಅಜ್ಜನ ಹೆಸರೊಂದೇ. ಉತಾರದಲ್ಲಿಯೂ ಅದೊಂದೇ ಏರಿತು. ಅದು ಅಜ್ಜನ ಸ್ವಂತದ್ದೋ, ಕುಟುಂಬದ್ದೋ? ದುಡಿದ ಅಕ್ಕನಿಗೆ ಪಾಲುಂಟೋ ಇಲ್ಲವೋ? ನಮ್ಮ ಸೀಮೆಯ ನ್ಯಾಯಾಲಯಗಳಲ್ಲಿ ಇಂಥ ವ್ಯಾಜ್ಯಗಳು ಇಂದಿಗೂ ನಡೆಯುತ್ತಿರುವುದನ್ನು ಬಲ್ಲವರು ಬಲ್ಲರು. ಹೆಣ್ಣುಮಕ್ಕಳ ಹಕ್ಕಿನ ಕಾನೂನು ಈ ನಡುವೆ ತಾನೂ ಸರಿಯುತ್ತ ಬಂದಿದೆ. ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂತು. 2005ರ ಕೇಂದ್ರ ತಿದ್ದುಪಡಿ ಮಗಳನ್ನು ಹುಟ್ಟಿನಿಂದಲೇ ಸಮಾನ ಹಕ್ಕುದಾರಳನ್ನಾಗಿಸಿತು. ಗೇಣಿ ಹಕ್ಕಿನ ಉತ್ತರಾಧಿಕಾರವನ್ನು ಹಿಂದೂ ಉತ್ತರಾಧಿಕಾರ ಅಧಿನಿಯಮದ ಹೊರಗಿರಿಸಿದ್ದ ಉಪಪ್ರಕರಣವನ್ನೂ ಅದೇ ವರ್ಷ ತೆಗೆದುಹಾಕಲಾಯಿತು. 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು, 2005ರಲ್ಲಿ ತಂದೆ ಬದುಕಿದ್ದಿರಬೇಕಾದ ಅಗತ್ಯವಿಲ್ಲವೆಂದು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸಾರಿತು. ವಿಜ್ಞಾನೇಶ್ವರನಿಂದ ಹಿಡಿದು ನಮ್ಮ ತಾಲ್ಲೂಕು ಕಚೇರಿಯ ದಫ್ತರದವರೆಗೆ ಒಂದೇ ಎಳೆ ಹರಿದಿದೆ. ಈ ಎಳೆಯನ್ನು ಹಿಡಿದು ಸಂಶೋಧಿಸಬೇಕೆಂಬುದು ಅವಳ ಹಂಬಲ.

ಅವಳ ಮುಂದೆ ಎರಡು ದಾರಿಗಳಿದ್ದುವು. ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವೊಂದರಲ್ಲಿ ಒಂದು ವರ್ಷದ ಎಲ್‌ಎಲ್.ಎಂ.; ಇಲ್ಲವೆ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಎರಡು ವರ್ಷದ್ದು. ವಿಶ್ವವಿದ್ಯಾಲಯ ಅನುದಾನ ಆಯೋಗವು 2012ರ ಮಾರ್ಗಸೂಚಿಯ ಮೂಲಕ ಒಂದು ವರ್ಷದ ಕ್ರಮವನ್ನು ತಂದಿತು. ಮರುವರ್ಷದಿಂದ ತರಗತಿಗಳು ನಡೆದುವು. ಕಾನೂನು ಶಿಕ್ಷಣವೂ ಸಂಶೋಧನಾ ವಿಧಾನಗಳೂ ಸೇರಿ ಒಂದು, ತುಲನಾತ್ಮಕ ಸಾರ್ವಜನಿಕ ಕಾನೂನು ಒಂದು, ಜಾಗತೀಕರಣದ ಕಾಲದ ಕಾನೂನು ಮತ್ತು ನ್ಯಾಯ ಒಂದು, ಹೀಗೆ ಮೂರು ಕಡ್ಡಾಯ ಪತ್ರಿಕೆಗಳು, ಅವುಗಳ ಜೊತೆಗೆ ಐಚ್ಛಿಕ ಪತ್ರಿಕೆಗಳು, ಮೇಲೆ ಪ್ರಬಂಧ. ಸಂಶೋಧನಾ ವಿಧಾನವನ್ನು ಕಡ್ಡಾಯ ಮಾಡಿದ್ದು ಶ್ಲಾಘ್ಯವೇ. ಆದರೆ ವರ್ಷಕ್ಕೆ ಹನ್ನೆರಡೇ ತಿಂಗಳು. ಭಾರತೀಯ ವಕೀಲರ ಪರಿಷತ್ತು 2021ರ ಆರಂಭದಲ್ಲಿ ಪ್ರಕಟಿಸಿದ ನಿಯಮಗಳಲ್ಲಿ ಈ ಒಂದು ವರ್ಷದ ಕ್ರಮವನ್ನು ನಿಲ್ಲಿಸಹೊರಟಿತು. ಅದು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿತವಾಯಿತು. ಆ ವರ್ಷ ಜಾರಿಗೊಳಿಸುವುದಿಲ್ಲವೆಂದು ಪರಿಷತ್ತೇ ಹೇಳಿತು. ಒಂದು ವರ್ಷದ ತರಗತಿಗಳು ಆ ಮೇಲೆಯೂ ನಡೆದೇ ಇವೆ.

ಪ್ರವೇಶ ಪರೀಕ್ಷೆಯಾದರೋ ಎರಡು ಗಂಟೆಯಲ್ಲಿ 120 ಪ್ರಶ್ನೆಗಳಿಗೆ ಸರಿಯುತ್ತರ ಗುರುತಿಸುವ ಪರೀಕ್ಷೆ. ನೆನಪನ್ನೂ ಓದಿನ ವೇಗವನ್ನೂ ಅದು ಅಳೆದೀತು. ಒಂದು ಪ್ರಶ್ನೆಯನ್ನು ಎರಡು ವರ್ಷ ಕೈಬಿಡದೆ ಹಿಡಿಯಬಲ್ಲ ತಾಳ್ಮೆಯನ್ನು ಅಳೆಯುವ ತಕ್ಕಡಿ ಅದಲ್ಲ. ಶ್ರೇಣಿ ಮೇಲಿದ್ದವನೇ ಸಂಶೋಧನೆಗೆ ಅಧಿಕಾರಿಯೆಂದು ನಮ್ಮ ನಿಧಿಯವರು ಹೇಗೆ ತಿಳಿದರೋ!

ಒಂದು ವರ್ಷದ ವ್ಯಾಸಂಗ ಎಲ್ಲರಿಗೂ ಅಯೋಗ್ಯವೆಂದು ನಾನು ಹೇಳುತ್ತಿಲ್ಲ. ಕಾನೂನಿನ ಸಂಶೋಧನೆಯಲ್ಲಿ ಎರಡು ಬಗೆ. ಕಾಯಿದೆ, ತೀರ್ಪು, ಭಾಷ್ಯಗಳನ್ನು ಓದಿ ತರ್ಕದಿಂದ ನಿರ್ಣಯಿಸುವುದು ಗ್ರಂಥಾಧಾರವಾದದ್ದು. ಜನರ ನಡುವೆ ಹೋಗಿ, ದಾಖಲೆಗಳನ್ನು ಕೆದಕಿ, ಕಾನೂನು ನಡೆದ ಬಗೆಯನ್ನು ಕಾಣುವುದು ಕ್ಷೇತ್ರಾಧಾರವಾದದ್ದು. ಮೊದಲನೆಯದಕ್ಕೆ ಒಳ್ಳೆಯ ಗ್ರಂಥಭಂಡಾರವೂ ಚರ್ಚಿಸಬಲ್ಲ ಅಧ್ಯಾಪಕವೃಂದವೂ ಮುಖ್ಯ. 1988ರಲ್ಲಿ ಮಾಧವ ಮೆನನ್ನರ ನೇತೃತ್ವದಲ್ಲಿ ತರಗತಿ ಆರಂಭಿಸಿದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಂಥ ಕಡೆ, ಅಥವಾ 1956ರಲ್ಲಿ ಹುಟ್ಟಿದ ದೆಹಲಿಯ ಭಾರತೀಯ ಕಾನೂನು ಸಂಸ್ಥೆಯಂಥ ಕಡೆ ಅಂಥವನು ವರ್ಷದಲ್ಲಿ ಬಹಳ ಗಳಿಸಿಯಾನು. ತೀರ್ಪುಗಳು ಇಂದು ಮನೆಯಲ್ಲಿಯೇ ಸಿಗುತ್ತವೆ. ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ತನ್ನ ವರದಿಗಳನ್ನು ಗಣಕಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ, ಕೆಲವನ್ನು ಕನ್ನಡಕ್ಕೂ ತರಿಸಿದೆ. ಪರದೇಶಕ್ಕೆ ಹೋಗುವವರೂ ಇದೇ ಭೇದವನ್ನು ಗಮನಿಸತಕ್ಕದ್ದು. ಆಕ್ಸ್‌ಫರ್ಡಿನ ಬಿ.ಸಿ.ಎಲ್. ಹೆಸರಿನಲ್ಲಿ ಬ್ಯಾಚುಲರ್ ಎಂದಿದ್ದರೂ ಸ್ನಾತಕೋತ್ತರ ಪದವಿಯೇ. ಆದರೆ ಅದು ಮುಖ್ಯವಾಗಿ ತರಗತಿಯ ಪಾಠ, ಸಂಶೋಧನೆಯ ಪದವಿ ಅಲ್ಲಿ ಬೇರೆ ಇದೆ. ಹೆಸರಿಗೆ ಮೋಸಹೋಗದಿರುವುದಕ್ಕೆ ವೈಯಾಕರಣರಾದ ನಾವಾದರೂ ಕಲಿಸಬೇಕು.

ಆದರೆ ಈ ಹುಡುಗಿಯ ಆಕರಗಳು ಯಾವ ಗಣಕಜಾಲದಲ್ಲಿಯೂ ಇರಲಿಲ್ಲ. ಅವು ತಾಲ್ಲೂಕು ಕಚೇರಿಯ ಕೆಂಪು ಬಟ್ಟೆಯ ಗಂಟುಗಳಲ್ಲಿದ್ದುವು, ಕನ್ನಡದಲ್ಲಿದ್ದುವು, ಕೆಲವು ಮೋಡಿ ಅಕ್ಷರದಲ್ಲಿದ್ದುವು. ಆಯ್ಕೆಗೆ ಮೊದಲು ಅವಳು ಎರಡೂ ಕಡೆಯ ಅಧ್ಯಾಪಕರನ್ನು ಕಂಡು ಬಂದಳು. ಇದು ಅವಳ ಜಾಣತನ, ನಾನು ಹೇಳಿಕೊಟ್ಟದ್ದಲ್ಲ. ದೊಡ್ಡ ಹೆಸರಿನ ಸಂಸ್ಥೆಯಲ್ಲಿ ಒಬ್ಬ ಯುವ ಅಧ್ಯಾಪಕರು ಅವಳ ಟಿಪ್ಪಣಿಯನ್ನು ತಿರುವಿಹಾಕಿ, "ಇದರಲ್ಲಿ ಲಾವಣಿ ಪತ್ರ ಎಂದಿದೆಯಲ್ಲ, ಜನಪದ ಗೀತೆಗೂ ಭೂಸುಧಾರಣೆಗೂ ಏನು ಸಂಬಂಧ?" ಎಂದು ಕೇಳಿದರಂತೆ. ನಮ್ಮ ಕಡೆ ಹೊಲವನ್ನು ಗೇಣಿಗೆ ಹಚ್ಚುವುದಕ್ಕೆ ಲಾವಣಿಯೆನ್ನುವುದು ಅವರಿಗೆ ಹೇಗೆ ತಿಳಿಯಬೇಕು? ಅವರ ದೋಷವೆನ್ನಲಾರೆ, ಬೇರೆ ಪ್ರಾಂತದವರು, ವಿದ್ವಾಂಸರೇ. ಕೃತಕ ಬುದ್ಧಿಮತ್ತೆಯ ಕಾನೂನಿನ ಮೇಲೆ ಬರೆದರೆ ಭವಿಷ್ಯವಿದೆಯೆಂದು ಸದುದ್ದೇಶದಿಂದಲೇ ಸೂಚಿಸಿದರು. ಇನ್ನೊಂದು ಕಡೆ ಕಟ್ಟಡ ಹಳೆಯದು, ಗ್ರಂಥಾಲಯದಲ್ಲಿ ಆಸನಕ್ಕಿಂತ ಧೂಳು ಹೆಚ್ಚು. ಆದರೆ ಅಲ್ಲಿಯ ಅಧ್ಯಾಪಕಿಯೊಬ್ಬರು ಕೇಳಿದ ಮೊದಲ ಪ್ರಶ್ನೆ: "ನ್ಯಾಯಮಂಡಳಿಯ ಮೂಲ ಕಡತ ನೋಡೀಯೋ, ಬರೀ ಆದೇಶ ನೋಡೀಯೋ?"

ಮನೆಗೆ ಬಂದು, "ಯಾವುದನ್ನ ಹಿಡೀಲಿ ಗುರುಗಳ?" ಎಂದಳು. "ಯಾರು ನಿನ್ನನ್ನ ಪ್ರಶ್ನೆ ಕೇಳಿದರೋ ಅವರ ಕಡೆ ಹೋಗು, ತಂಗಿ" ಎಂದೆ. ಹತ್ತು ವರ್ಷ ತಡವಾಗಿ ಬಂದ ಸಲಹೆಯದು.

ಕಷ್ಟಗಳನ್ನು ಮುಚ್ಚಿಡಲಾರೆ. ಎರಡು ವರ್ಷವೆಂದರೆ ಗಳಿಕೆಯಿಲ್ಲದ ಎರಡು ವರ್ಷ. ಅವಳ ಓರಗೆಯವರು ಆಗಲೇ ಕಚೇರಿ ತೆರೆದಿದ್ದಾರೆ. ರಾಷ್ಟ್ರೀಯ ವಿಶ್ವವಿದ್ಯಾಲಯದ ಶುಲ್ಕ ಲಕ್ಷಗಳ ಲೆಕ್ಕದ್ದಾದರೂ ಅಲ್ಲಿ ಒಡನಾಟ ದೊಡ್ಡದು, ಮುಂದಿನ ಬಾಗಿಲುಗಳು ಬೇಗ ತೆರೆಯುತ್ತವೆ. ರಾಜ್ಯದ ಅನೇಕ ಕಾಲೇಜುಗಳಲ್ಲಿ ಅಧ್ಯಾಪಕ ಹುದ್ದೆಗಳು ಖಾಲಿ ಬಿದ್ದಿವೆ. ಮಾರ್ಗದರ್ಶಕಿ ವರ್ಗವಾಗಿ ಹೋದರೆ ಗತಿಯೇನು ಎಂಬ ಭಯ ನನಗೂ ಉಂಟು. ಇನ್ನೊಂದು ತೊಡಕು ಭಾಷೆಯದು. ಸಂವಿಧಾನದ 348ನೆಯ ಅನುಚ್ಛೇದದ ಪ್ರಕಾರ ಉಚ್ಚ ನ್ಯಾಯಾಲಯದ ವ್ಯವಹಾರ ಇಂಗ್ಲಿಷಿನದು; ಆದ್ದರಿಂದ ಕನ್ನಡದಲ್ಲಿ ಓದಿದ ಮಗು ಸ್ನಾತಕೋತ್ತರ ತರಗತಿಗೆ ಬಂದಾಗ ಕಾನೂನಿಗಿಂತ ಮೊದಲು ಭಾಷೆಯೊಡನೆ ಕಾದಬೇಕು. ಕನ್ನಡ ಪಂಡಿತನಾಗಿಯೂ ಹೇಳುತ್ತೇನೆ: ಇಂಗ್ಲಿಷನ್ನು ಚೆನ್ನಾಗಿ ಕಲಿಯದೆ ಈ ದಾರಿಗೆ ಬರಬಾರದು. ಕನ್ನಡವನ್ನು ಮರೆತು ಬಂದರೆ ಮಾತ್ರ ಲಾವಣಿ ಪತ್ರ ಹಾಡಾಗಿ ಕೇಳಿಸುತ್ತದೆ.

ನಿಧಿಯವರ ಮುಂದೆ ನನ್ನ ಬಿನ್ನಹವಿಷ್ಟು. ಅರ್ಜಿದಾರನಿಂದ ಶ್ರೇಣಿಪಟ್ಟಿಯನ್ನು ತರಿಸುವುದರೊಡನೆ ಎರಡು ಪುಟದ ಬರಹವೊಂದನ್ನೂ ತರಿಸಿರಿ: ತನ್ನ ಪ್ರಶ್ನೆ ಯಾವುದು, ಅದಕ್ಕೆ ಆಕರಗಳು ಎಲ್ಲಿವೆ, ಯಾವ ಅಧ್ಯಾಪಕರ ಬಳಿ ಕೆಲಸಮಾಡುತ್ತೇನೆ, ಅವರು ಈಗಾಗಲೇ ಏನು ಬರೆದಿದ್ದಾರೆ. ಅದನ್ನು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿರುವ ವಕೀಲರಿಬ್ಬರು ಓದಲಿ. ಒಂದು ವರ್ಷದವರಿಗೆ ಶುಲ್ಕಕ್ಕೆ ಕೊಡಿರಿ, ಎರಡು ವರ್ಷದವರಿಗೆ ಊಟವಸತಿಗೂ ದಾಖಲೆಗಳ ನಕಲಿಗೂ ಕೊಡಿರಿ. ನಕಲಿನ ವೆಚ್ಚ ಎಷ್ಟಾಗುತ್ತದೆಂಬುದು ಕಚೇರಿಗೆ ಅಲೆದವರಿಗೆ ಗೊತ್ತು. ದಾನಿಗಳಲ್ಲಿ ಕೆಲವರು, "ಹೆಸರಾಂತ ಸಂಸ್ಥೆಗೆ ಹೋದರೆ ನಮ್ಮ ಶಾಲೆಗೂ ಹೆಸರು" ಎನ್ನುತ್ತಾರೆ. ಅವರ ಅಭಿಮಾನವನ್ನು ಗೌರವಿಸುತ್ತೇನೆ. ಆದರೆ ಆ ಹೆಸರು ಬರುವುದು ವಿದ್ಯಾರ್ಥಿ ಸೇರಿದ ದಿನವೋ, ಅವನು ಬರೆದದ್ದನ್ನು ಹತ್ತು ವರ್ಷದ ಮೇಲೆ ಯಾರಾದರೂ ತೆರೆದು ನೋಡಿದ ದಿನವೋ? ಇದನ್ನು ಮುಂದಿನ ಸಭೆಯಲ್ಲಿ ಚರ್ಚಿಸೋಣ.

ಹುಡುಗಿ ಈಗ ಎರಡನೆಯ ವರ್ಷದಲ್ಲಿದ್ದಾಳೆ. ಸಾಲ ಮಾಡಿ ಓದುತ್ತಿದ್ದಾಳೆ. ಕಳೆದ ಪಕ್ಷ ಒಂದು ಕಟ್ಟು ನಕಲುಗಳನ್ನು ತಂದು ನನ್ನ ಮೇಜಿನ ಮೇಲಿಟ್ಟು ಹೋದಳು. ಭೂ ನ್ಯಾಯಮಂಡಳಿಯ ಮುಂದೆ ಸಾಕ್ಷಿದಾರರು ನುಡಿದ ಹೇಳಿಕೆಗಳವು. ಗುಮಾಸ್ತನೊಬ್ಬನ ಅವಸರದ ಕೈಬರಹ. ಒಂದು ಹಾಳೆಯಲ್ಲಿ, ಒಬ್ಬ ಹೆಣ್ಣುಮಗಳ ಹೇಳಿಕೆಯ ನಡುವೆ ಒಂದು ಸಾಲು ಮಸಿ ಹರಡಿ ಮಸುಕಾಗಿದೆ. "ನಾನೂ ಬಿತ್ತೀನಿ" ಎಂದಿದೆಯೋ, "ನಾನೂ ಬತ್ತೀನಿ" ಎಂದಿದೆಯೋ ಭೂತಗನ್ನಡಿ ಹಿಡಿದು ಮೂರು ದಿನದಿಂದ ನೋಡುತ್ತಿದ್ದೇನೆ. ಮೂಲವನ್ನು ಕಾಣಲು ಬರುವ ಸೋಮವಾರ ಅವಳೊಡನೆ ತಾಲ್ಲೂಕು ಕಚೇರಿಗೆ ಹೋಗುವವನಿದ್ದೇನೆ.